ಮಾವನಿಗೆ ಪುಸ್ತಕದ ಹೆಸರು

ಹನ್ನೊಂದು ವರ್ಷ ಲಿಫ್ಟಿನ ಬಾವಿಯೊಳಗೆ
ಟಾರ್ಚು ಹಲ್ಲಲ್ಲಿ ಕಚ್ಚಿ ದುಡಿದ ಮೇಲೆ
ಮೂವತ್ತನಾಲ್ಕನೇ ವಯಸ್ಸಿಗೆ ಗೊತ್ತಾಯಿತು:
ನನ್ನ ಕೈಗೆ ತಿಳಿದದ್ದು
ನನ್ನ ಬಾಯಿಗೆ ತಿಳಿದಿಲ್ಲ.

ಅದಕ್ಕೇ ಕೌಲ್‌ಬಜಾರಿನ ಈ ಒಂದೂವರೆ ಕೋಣೆಯಲ್ಲಿ,
ಮೆಟ್ಟಿಲೇ ಇಲ್ಲದ ಮನೆಯಲ್ಲಿ,
ಮಗಳು ಶ್ರಾವಣಿ ಮೇಷ್ಟ್ರಾಗಿದ್ದಾಳೆ.
ಏಳನೇ ಕ್ಲಾಸು. ಕೈಯಲ್ಲಿ ಸ್ಕೇಲು.
"ಕೌಂಟರ್‌ವೇಟ್ ಅಂದ್ರೆ ಏನಪ್ಪಾ?"

ಸೈಟಿನಲ್ಲಿ ಅದಕ್ಕೆ ನಾವು ಮಾವ ಅನ್ನುತ್ತಿದ್ದೆವು.
ನಾವು ಏರಿದರೆ ಇಳಿಯುತ್ತಾನೆ, ಇಳಿದರೆ ಏರುತ್ತಾನೆ,
ನಡುದಾರಿಯಲ್ಲಿ ಎದುರಾದರೂ ಮಾತಿಲ್ಲ.
ಬಫರಿಗೆ ದಿಂಬು.
ಮೇಲೆ ಮಷಿನ್ ರೂಮಿನಲ್ಲಿ ಕೂತು
ವೇಗ ಮಿತಿಮೀರಿದೊಡನೆ ಕುತ್ತಿಗೆ ಹಿಡಿಯುವ
ಗವರ್ನರಿಗೆ ದೊಣ್ಣೆನಾಯಕ.
ಈ ಹೆಸರುಗಳು ನಾಲ್ಕು ಆಯ್ಕೆಯಲ್ಲಿ
ಎಲ್ಲೂ ಇಲ್ಲವಂತೆ.

ಕಂಪನಿಯವರದು ಒಂದೇ ಮಾತು:
ಸರ್ಟಿಫಿಕೇಟಿದ್ದರೆ ಮೆಕ್ಯಾನಿಕ್, ಇಲ್ಲದಿದ್ದರೆ ಹೆಲ್ಪರ್, ಗಾದಿಲಿಂಗ.
ಮೊನ್ನೆ ಬಂದ ಹುಡುಗ, ಮೀಸೆ ಮೂಡದವನು,
ಹಗ್ಗದ ಸವೆತ ನೋಡುವುದು ಹೇಗೆಂದು ನನ್ನನ್ನು ಕೇಳಿ
ನನಗಿಂತ ಆರು ಸಾವಿರ ಹೆಚ್ಚಿನ ಸಂಬಳಕ್ಕೆ ಸಹಿ ಹಾಕಿದ.
ಅವನ ಮೇಲೆ ಸಿಟ್ಟಿಲ್ಲ.
ಈ ಹಳೆ ಗೈಡು ಕೊಟ್ಟದ್ದು ಅವನೇ,
ಎಳೆದ ಅಡಿಗೆರೆಗಳ ಸಮೇತ.

ಏಪ್ರಿಲ್. ಹೊತ್ತು ಮುಳುಗಿದರೂ ಕೋಟೆಗುಡ್ಡ
ಹಗಲೆಲ್ಲ ನುಂಗಿದ ಬಿಸಿಲನ್ನು
ಬಳ್ಳಾರಿಯ ಮೇಲೆ ಉಸಿರಾಡುತ್ತದೆ.
ಪಕ್ಕದಲ್ಲಿ ಸುಂಕಮ್ಮ
ಜೀನ್ಸ್ ಪ್ಯಾಂಟುಗಳ ಗುಡ್ಡೆ ಹಾಕಿಕೊಂಡು ದಾರ ಕತ್ತರಿಸುತ್ತಾಳೆ.
ಪ್ಯಾಂಟಿಗೆ ಇಷ್ಟು ಅಂತ ಲೆಕ್ಕ. ಬೆರಳ ತುದಿ ನೀಲಿ.
ಕೇಳಿ ಕೇಳಿ ಅವಳಿಗೂ ಬಾಯಿಪಾಠವಾಗಿದೆ:
"ಡಬ್ಬಿ ತೂಕ, ಅದರ ಜತಿಗೆ ಹೊರೋ ಭಾರದಾಗ ಅರ್ಧ.
ಅದು ಮಾವನ ತೂಕ. ಬರ್ಕೊ."
ಅರ್ಧವೇ ಯಾಕೆಂದು ಅವಳು ಕೇಳಲಿಲ್ಲ.
ಯಾವಾಗಲೂ ತುಂಬಿರುವುದಿಲ್ಲ, ಯಾವಾಗಲೂ ಖಾಲಿಯಲ್ಲ,
ಸಂಸಾರ ಮಾಡಿದವಳಿಗೆ ಬಿಡಿಸಿ ಹೇಳಬೇಕೆ.

ನಲವತ್ಮೂರನೇ ಪ್ರಶ್ನೆ.
ಗುಂಡಿಗೆ ಇಳಿಯುವ ಮುನ್ನ ಮಾಡಬೇಕಾದದ್ದು ಏನು?
ಶ್ರಾವಣಿ ಎರಡು ಸಲ ಓದಿದಳು.

ತೋರಣಗಲ್ಲಿನ ಕ್ವಾರ್ಟರ್ಸು, ಐದಂತಸ್ತು.
ಬಿದ್ದ ಸ್ಪ್ಯಾನರ್ ತರುತ್ತೇನೆಂದು ಮೌಲಾಲಿ ಇಳಿದ,
ಒಂದು ನಿಮಿಷ ಅಂದ.
ಮೇಲೆ ಯಾರೋ ಗುಂಡಿ ಒತ್ತಿದರು.
ಕೆಳಗೆ ಗುಂಡಿಯಲ್ಲಿ ಮೌಲಾಲಿ.
ನಮ್ಮ ಭಾಷೆಯಲ್ಲಿ ಎರಡಕ್ಕೂ ಒಂದೇ ಹೆಸರು.
ಈಗ ಮೋತಿ ಸರ್ಕಲ್ಲಿನ ಹತ್ತಿರ
ಮೊಬೈಲ್ ಕವರು ಮಾರುತ್ತಾನೆ, ಸ್ಟೂಲಿನ ಮೇಲೆ ಕೂತು,
ಪ್ಯಾಂಟಿನ ಒಂದು ಕಾಲು ಮಡಚಿ ಪಿನ್ನು ಹಾಕಿ.

ಉತ್ತರ ಬಿ. ಸ್ಟಾಪ್ ಸ್ವಿಚ್ ಒತ್ತುವುದು.
ಒಂದು ಮಾರ್ಕು.

ಹತ್ತೂವರೆಗೆ ಕರೆಂಟು ಹೋಯಿತು.
ಫ್ಯಾನು ಇನ್ನೆರಡು ಸುತ್ತು ತಿರುಗಿ ನಿಂತಿತು.
ಮೇಷ್ಟ್ರು ಗೈಡಿನ ಮೇಲೆಯೇ ನಿದ್ದೆ ಹೋಗಿದ್ದರು.
ಕತ್ತರಿಯ ಸದ್ದು ನಿಂತು ಸುಂಕಮ್ಮನ ದನಿ:
"ಈಗ ಲಿಫ್ಟಿನಾಗ ಇದ್ದೋರ ಗತಿ?"

ಏನೂ ಆಗಂಗಿಲ್ಲ, ಅಂದೆ.
ಎಲ್ಲರೂ ತಿಳಿದದ್ದು ತಿರುಗಾಮುರುಗಾ.
ಕರೆಂಟು ಇರೋತನಕ ಬ್ರೇಕು ಬಿಟ್ಟಿರುತ್ತೆ,
ಹೋದ ಕೂಡ್ಲೆ ಹಿಡಿಯುತ್ತೆ.
ಸ್ಪ್ರಿಂಗು ಐತೆ ಒಳಗೆ. ಅದಕ್ಕೆ ಯಾರ ಹಂಗೂ ಇಲ್ಲ.

ಸ್ವಲ್ಪ ಹೊತ್ತು ಅವಳು ಏನೂ ಅನ್ನಲಿಲ್ಲ.
"ಪ್ರಾಕ್ಟಿಕಲ್ ದಿನ ಕೇಳಿದ್ರೆ
ಹಿಂಗೇ ಹೇಳು."

ಸೋಮವಾರ ಮೊದಲ ಪೇಪರು.
ಹಾಲ್‌ಟಿಕೆಟ್ಟಿನ ಫೋಟೊದಲ್ಲಿ
ಸೈಕಲ್ ಕದ್ದು ಸಿಕ್ಕಿಬಿದ್ದವನ ಹಾಗಿದ್ದೇನೆ.
ಉಗುರಿನ ಗ್ರೀಸು ಪೆಟ್ರೋಲಿಗೂ ಹೋಗಲಿಲ್ಲ.
ಉತ್ತರದ ಹಾಳೆಗೆ ಮಸಿ ತಾಗದ ಹಾಗೆ
ಪೆನ್ನು ಹಿಡಿದು ಸಣ್ಣ ಸೊನ್ನೆ ತುಂಬುವುದನ್ನು
ಕತ್ತಲಲ್ಲೇ, ಹಳೆ ಪೇಪರಿನ ಮೇಲೆ
ರೂಢಿ ಮಾಡುತ್ತಿದ್ದೇನೆ.